ಹತ್ತಿಯಣ್ಣ ಬೆಳಗಿನ ಓದಿಗೆ ಎದ್ದದ್ದು

ಹತ್ತಿಯಣ್ಣನ ಮುತ್ತಜ್ಜ ಹಾಸಿಗೆ ಹೊಲಿಯುವವನು. ಅವನ ಮನೆಗೆ ಬೆಂಕಿ ಬಿದ್ದಾಗ ನೆರೆಯವರು ಮೊದಲು ಪಾತ್ರೆ ಪಡಗ, ಆಮೇಲೆ ಆಡು, ಕೊನೆಗೆ ಅವನನ್ನು ಹಾಸಿಗೆ ಸಮೇತ ಎತ್ತಿ ತಂದು ಬೀದಿಯ ನಡುವೆ ಇಟ್ಟರು. ಬೆಂಕಿ ಆರಿ, ಮಾಡು ಕುಸಿದು, ನೆರೆಯವರು ಬೈದು ಬೈದು ಸುಸ್ತಾಗಿ ಮನೆಗೆ ಹೋದ ಮೇಲೆ ಅವನು ಮಗ್ಗುಲು ಬದಲಿಸಿ, "ಯಾರದು ಕಿಟಕಿ ತೆಗೆದಿದ್ದು, ಗಾಳಿ ಬರ್ತಿದೆ" ಎಂದನಂತೆ. ಅವನ ಮಗ, ಅಂದರೆ ಹತ್ತಿಯಣ್ಣನ ಅಜ್ಜ, ತನ್ನ ಮದುವೆಯ ದಿನ ಚರ್ಚಿನಲ್ಲಿ ನಿಂತಲ್ಲೇ ಕಣ್ಣು ಮುಚ್ಚಿದವನು. ಈಕೆಯನ್ನು ಹೆಂಡತಿಯಾಗಿ ಒಪ್ಪುತ್ತೀಯಾ ಎಂದು ಸಭಾಪಾಲಕರು ಕೇಳಿದಾಗ ಸೋದರಮಾವ ಪಕ್ಕೆಗೆ ತಿವಿದ. "ಹೂಂ, ಮಡಚಿಡಿ" ಎಂದ. ಸಭೆ ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡಿತು, ಮದುವೆ ಚೆನ್ನಾಗಿಯೇ ನಡೆಯಿತು. ಅಪ್ಪನದು ಇನ್ನೂ ಮೇಲು. ಅವನಿಗೆ ಕಣ್ಣು ಬಿಟ್ಟುಕೊಂಡು ಮಲಗುವ ವಿದ್ಯೆ ಒಲಿದಿತ್ತು. ಬಂದ ಬಂದ ಸಭಾಪಾಲಕರೆಲ್ಲ, ನನ್ನ ಪ್ರಸಂಗವನ್ನು ಇವನಷ್ಟು ಗಮನವಿಟ್ಟು ಕೇಳುವವರು ಇನ್ನೊಬ್ಬರಿಲ್ಲ ಎಂದು ಅವನನ್ನು ಹೊಗಳಿಯೇ ಹೋದರು. ಸತ್ತದ್ದೂ ನಿದ್ದೆಯಲ್ಲೇ. ಎಂದಿನಂತೆ ಮಲಗಿದ್ದಾನೆ ಎಂದುಕೊಂಡು ಮನೆಯವರು ಮಧ್ಯಾಹ್ನದವರೆಗೆ ಸದ್ದು ಮಾಡದೆ ಓಡಾಡಿದರು.

ಈ ವಂಶವನ್ನು ನಾನು ಗೇಲಿ ಮಾಡುತ್ತಿದ್ದೇನೆ ಎಂದು ತಿಳಿಯಬಾರದು. ಅಡುಗೆಯವಳು ಉಪ್ಪು ನೋಡದೆ ಬಡಿಸುವುದಿಲ್ಲ. ಹಾಗೆಯೇ ಅವರ ಮನೆಯಲ್ಲಿ ಒಂದು ಕಟ್ಟಳೆ: ಹೊಲಿದ ಹಾಸಿಗೆಯ ಮೇಲೆ ಹೊಲಿದವನು ಒಂದು ಸಲ ಮಲಗಿ ನೋಡದೆ ಅದು ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಅದಕ್ಕೆ ಅವರು "ಮೈ ಕೊಡೋದು" ಎನ್ನುತ್ತಿದ್ದರು. ಎಲ್ಲಿ ಹತ್ತಿ ಕಡಿಮೆ, ಎಲ್ಲಿ ಗಂಟು, ಎಲ್ಲಿ ಹೊಲಿಗೆ ಬಿಗಿ ಎಂಬುದು ಕೈಗೆ ಗೊತ್ತಾಗುವುದಿಲ್ಲ, ಬೆನ್ನಿಗೆ ಗೊತ್ತಾಗುತ್ತದೆ. ತಲೆಮಾರುಗಟ್ಟಲೆ ಹಾಸಿಗೆಗೆ ಮೈ ಕೊಟ್ಟ ಜನ ನಿದ್ದೆಯಲ್ಲಿ ಪಳಗದೆ ಇನ್ನೇನಾಗುತ್ತಾರೆ. ನಾನು ಹತ್ತಿಯಣ್ಣನ ಎದುರಿನ ಅಂಗಡಿಯಲ್ಲಿ ಬೀಗ, ಕೊಡೆ ರಿಪೇರಿ ಮಾಡುವವನು. ಶಾಲೆ ನನ್ನನ್ನು ಬೇಗ ಬಿಟ್ಟಿತು, ನಾನು ಓದನ್ನು ಬಿಡಲಿಲ್ಲ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಬರೆಯಬಲ್ಲೆ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಕೋಳಿಯನ್ನು ಎಬ್ಬಿಸುವ ಹೆಣ್ಣು. ಹತ್ತಿಯಣ್ಣನ ಹೆಂಡತಿಯಾದ್ದರಿಂದ ಬೀದಿಗೆಲ್ಲ ಆಕೆ ಅತ್ತಿಗೆ. ಕಂಬದ ದೀಪಗಳು ಇನ್ನೂ ಉರಿಯುತ್ತಿರುವಾಗಲೇ ಎದ್ದು, ಮುಖ ತೊಳೆದು, ಅಂಗಡಿಯ ಹಿಂದಿನ ಕೋಣೆಯ ಕಿಟಕಿ ಪಕ್ಕ ಕುಳಿತು ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವಳು. ಆಮೇಲೆ ಪ್ರಾರ್ಥನೆ. ಅದರಲ್ಲಿ ಹಾಲಿನವನ ಮಂಡಿನೋವು, ನನ್ನ ಕೆಮ್ಮು, ಮನೆ ಮಾಲೀಕನ ಬಾಯಿ, ಬೀದಿ ಗುಡಿಸುವ ಅಕ್ಕನ ಮಗಳ ಹೆರಿಗೆ, ಎಲ್ಲವೂ ಒಂದೊಂದಾಗಿ ಬರುತ್ತಿದ್ದವು. ನಮ್ಮ ಬೀದಿಯ ಸುದ್ದಿ ನಮಗೆ ಗೊತ್ತಾಗುವ ಮೊದಲೇ ದೇವರಿಗೆ ಗೊತ್ತಾಗುತ್ತಿತ್ತು. ಕೊನೆಯಲ್ಲಿ ಒಂದು ಮಾತು ಖಾಯಂ: "ಈ ಮನುಷ್ಯನ್ನ ಒಂದು ದಿನ ಎಬ್ಬಿಸು ಕರ್ತನೇ, ನನ್ನ ಕೈಲಂತೂ ಆಗಲ್ಲ."

ಈ ಮನುಷ್ಯ ಆಕೆಯ ಹಿಂದೆಯೇ ಗೊರಕೆ ಹೊಡೆಯುತ್ತಿದ್ದ. ಮದುವೆಯಾದಂದಿನಿಂದ ತಲೆ ನರೆಯುವವರೆಗೆ ಅವನು ಆ ಓದನ್ನು ಎಚ್ಚರವಾಗಿ ಕೇಳಿದವನಲ್ಲ. ಯಾಕೆಂದು ಕೇಳಿದರೆ ಅದಕ್ಕೂ ಒಂದು ಹೆಮ್ಮೆ.

"ನೀವೆಲ್ಲ ಮಾತ್ರೆ ನುಂಗ್ತೀರಿ" ಎನ್ನುತ್ತಿದ್ದ ನನಗೆ. "ನಮ್ಮವಳು ಓದೋಕೆ ಶುರು ಮಾಡಿದ ಮೇಲೆ ಬರೋ ನಿದ್ದೆ ಇದೆಯಲ್ಲ, ಅದು ರಾಜರಿಗೂ ಇಲ್ಲ."

"ದೇವರ ವಾಕ್ಯ ಇರೋದು ಮಲಗೋಕೇನೋ?"

"ಯಾಕೆ, ಹಡಗಿನ ಅಡಿಯಲ್ಲಿ ಮಲಗಿದ ಪ್ರವಾದಿ ಇಲ್ವಾ? ತೋಟದಲ್ಲಿ ತೂಕಡಿಸಿದ ಶಿಷ್ಯರಿಲ್ವಾ? ಪ್ರಸಂಗ ಕೇಳ್ತಾ ಕಿಟಕಿಯಿಂದ ಬಿದ್ದ ಹುಡುಗ ಇಲ್ವಾ? ನಮ್ಮ ಕಡೆಯವರು ಆ ಪುಸ್ತಕದ ತುಂಬ ಇದ್ದಾರೆ."

ಒಂದು ಚಳಿಗಾಲದಲ್ಲಿ ಅತ್ತಿಗೆಯ ಕಣ್ಣು ಮಂಜಾಗತೊಡಗಿತು. ಮೊದಲು ಕನ್ನಡಕ ದಪ್ಪವಾಯಿತು, ಆಮೇಲೆ ದೀಪ ದೊಡ್ಡದಾಯಿತು, ಆಮೇಲೆ ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಕಣ್ಣಿನ ಡಾಕ್ಟರು, ನರವೇ ಒಣಗಿದೆ, ಕೊಯ್ದು ಸರಿಮಾಡುವಂಥದ್ದಲ್ಲ ಎಂದರು. ಆಕೆ ಅಳಲಿಲ್ಲ. ಮನೆಗೆ ಬಂದು ಸತ್ಯವೇದವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ಮರುದಿನದಿಂದ ಬೀದಿಯಲ್ಲಿ ಬೆಳಗಿನ ದನಿ ನಿಂತಿತು.

ದನಿಯ ಜೊತೆಗೆ ಆಕೆಯೂ ನಿಂತಳು. ಆ ಹೊತ್ತಿಗೇ ಎಚ್ಚರವಾದರೂ ಏಳದೆ ಗೋಡೆಯ ಕಡೆ ಮುಖ ಮಾಡಿ ಬಿದ್ದಿರುವಳು. ತಲೆ ಬಾಚಿಕೊಂಡರೆ ಬಾಚಿಕೊಂಡಳು, ತಟ್ಟೆಗೆ ಹಾಕಿದ್ದನ್ನು ಮುಟ್ಟಿದರೆ ಮುಟ್ಟಿದಳು. ಒಂದು ಮಧ್ಯಾಹ್ನ, ಬಿಸಿಲಿಗೆ ನನ್ನ ಅಂಗಡಿಯ ಬೀಗಗಳು ಕೈ ಸುಡುತ್ತಿದ್ದಾಗ, ತಮ್ಮ ಅಂಗಡಿಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತು ಕೇಳಿದಳು:

"ಭಾವ, ಬೆಳಗಾಯ್ತಾ?"

ನಾನು ಬೀಗ ಕೆಳಗಿಟ್ಟು ಎದ್ದು ನಿಂತೆ. ಆಕೆಯೇ ಮುಂದುವರಿಸಿದಳು. "ಹೆದರ್ಬೇಡಿ, ತಲೆ ಕೆಟ್ಟಿಲ್ಲ. ಬಿಸಿಲು ಮೈಗೆ ತಾಕುತ್ತೆ, ಗೊತ್ತಾಗುತ್ತೆ. ಆದ್ರೆ ಓದಿಲ್ಲದೆ ಎದ್ದ ದಿನ ನನಗೆ ಬೆಳಗಾದ ಹಾಗೇ ಇರಲ್ಲ. ಆಗದೇ ಇರೋ ಬೆಳಗಿಗೆ ಯಾಕೆ ಏಳ್ಬೇಕು ಅನ್ಸುತ್ತೆ."

ಹತ್ತಿಯಣ್ಣ ಒಳಗೆ ದಬ್ಬಣ ಹಿಡಿದು ಕುಳಿತಿದ್ದ. ಈ ಮಾತು ಅವನಿಗೆ ದಬ್ಬಣಕ್ಕಿಂತ ಆಳಕ್ಕೆ ಇಳಿದಿರಬೇಕು.

"ನಾಳೆಯಿಂದ ನಾನು ಓದ್ತೀನಿ ಕಣೇ" ಎಂದ.

ಅತ್ತಿಗೆ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು. "ನೀವಾ? ಬೆಂಕಿಗೆ ಏಳದೇ ಇರೋ ವಂಶ, ಓದಿಗೆ ಏಳುತ್ತಾ?"

"ಏಳ್ತೀನಿ ಅಂದ್ನಲ್ಲ. ಇಲ್ಲಾಂದ್ರೆ ಸಂಜೆ ಓದಿದ್ರೆ ಆಗಲ್ವಾ? ಸಂಜೆ ನಾನು ಚುರುಕಾಗಿರ್ತೀನಿ."

"ತುಂಬಿ ಹೊಲಿದ ಮೇಲೆ ಹತ್ತಿ ಹಿಂಜ್ತೀರಾ ನೀವು? ಮೊದಲು ಹಿಂಜ್ಬೇಕು ಅಲ್ವಾ? ಹಾಗೇ ಇದು. ದಿನ ತುಂಬೋಕೆ ಮೊದಲು ಓದ್ಬೇಕು." ಆಕೆ ತಡವುತ್ತಾ ಒಳಗೆ ಹೋದಳು. ಹೋಗುತ್ತಾ ಅಂದಳು, "ಹೇಳಿದ್ರಲ್ಲ, ಅಷ್ಟೇ ಸಾಕು ಬಿಡಿ."

ಅಷ್ಟೇ ಸಾಕು ಎಂದ ಹೆಂಗಸಿನ ಮಾತನ್ನು ನಂಬುವಷ್ಟು ದಡ್ಡನಲ್ಲ ಹತ್ತಿಯಣ್ಣ. ಅಂದೇ ಒಂದು ಅಲಾರಾಂ ಗಡಿಯಾರ ತಂದ. ಅದು ಹೊಡೆದುಕೊಂಡಿತು, ಅವನು ನಿದ್ದೆಯಲ್ಲೇ ಅದನ್ನು ದಿಂಬಿನ ಗವಸಿನೊಳಗೆ ತುರುಕಿ ಬಾಯಿ ಹೊಲಿಯುವವನಂತೆ ಒತ್ತಿ ಹಿಡಿದು ಮಲಗಿದ. ಹಾಲಿನವನಿಗೆ, ಬಾಗಿಲು ಬಡಿ ಎಂದು ಹೇಳಿದ. ಹಾಲಿನವನು ಕ್ಯಾನಿನ ಮುಚ್ಚಳದಿಂದ ಬಡಿದ. ಬೀದಿಯ ನಾಯಿಗಳು ಎದ್ದವು, ನಾನು ಎದ್ದೆ, ಮಹಡಿಯ ಮೇಲಿನ ಮನೆ ಮಾಲೀಕ ಎದ್ದು ಬೈದ, ಕಿರಾಣಿ ಅಂಗಡಿಯವನು ಕಳ್ಳ ಬಂದನೆಂದು ಕೋಲು ಹಿಡಿದು ಹೊರಗೆ ಬಂದ. ಹತ್ತಿಯಣ್ಣ ಹಲ್ಲುಜ್ಜುವಾಗ ನನ್ನನ್ನು ಕೇಳಿದ, "ಹಾಲಿನವನು ಇವತ್ತು ಬರ್ಲೇ ಇಲ್ವಾ?"

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಹಾಸಿಗೆಯವನಿಗೆ ಹೊಳೆಯುವುದು ಹಾಸಿಗೆಯ ಉಪಾಯವೇ. ಒಳ್ಳೆಯ ಹಾಸಿಗೆ ಮಲಗಿಸುತ್ತದೆ ಅಂದಮೇಲೆ ಕೆಟ್ಟ ಹಾಸಿಗೆ ಎಬ್ಬಿಸಲೇಬೇಕಲ್ಲ. ಅಜ್ಜ ಮುತ್ತಜ್ಜಂದಿರು ಕೇಳಿದ್ದರೆ ಗೋರಿಯಲ್ಲೂ ಎದ್ದು ಕೂರುತ್ತಿದ್ದರು. ಆದರೂ ಅಂಗಡಿಯ ಬಾಗಿಲು ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ, ಒಂದು ಕೆಟ್ಟ ಹಾಸಿಗೆ ಹೊಲಿಯಲು ಕುಳಿತ. ಹಿಂಜದ ಹಳೆಯ ಹತ್ತಿ, ಅದರೊಳಗೆ ಹಿಡಿ ಹಿಡಿಯಾಗಿ ಹತ್ತಿಬೀಜ, ಹುರಿಯ ತುಂಡುಗಳ ಗಂಟು, ಸೊಂಟ ಬರುವ ಕಡೆ ಇನ್ನೊಂದಿಷ್ಟು ಗಂಟು. ಮೇಲಿನ ಬಟ್ಟೆಗೆ ಬೇರೇನೂ ಇಲ್ಲದೆ, ಮಿಕ್ಕಿದ್ದ ನೀಲಿ ಗೆರೆಯ ಬಟ್ಟೆಯನ್ನೇ ಕತ್ತರಿಸಿದ. ಆ ಬಟ್ಟೆ ಬಂದಿದ್ದು ಸಭಾಪಾಲಕರ ಹಾಸಿಗೆಗೆ. ಸಭೆಯ ಹೆಂಗಸರು ಸೇರಿ ಅವರಿಗೊಂದು ಹೊಸ ಹಾಸಿಗೆ ಮಾಡಿಸಿಕೊಡುತ್ತಿದ್ದರು. ಅದೂ ಆಗಲೇ ಹೊಲಿದು ಮುಗಿದಿತ್ತು.

ಕೆಟ್ಟದ್ದನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿಟ್ಟ. ಒಳ್ಳೆಯದನ್ನು ನೆಲಕ್ಕೆ ಹಾಸಿ, ಕಟ್ಟಳೆ ಬಿಡಬಾರದೆಂದು ಮೈ ಕೊಟ್ಟ. ಮುಂದಿನದನ್ನು ಹೇಳಬೇಕಾಗಿಲ್ಲ. ಹಾಸಿಗೆ ಒಯ್ಯಲು ಕೈಗಾಡಿಯವನು ಬಂದ. ಒಂದು ಹಾಸಿಗೆಯ ಮೇಲೆ ಹತ್ತಿಯಣ್ಣ ಇದ್ದಾನೆ, ಇನ್ನೊಂದು ಸುತ್ತಿ ಸಿದ್ಧವಾಗಿ ನಿಂತಿದೆ. ಕೂಗಿದ, ಕಾಲು ಅಲ್ಲಾಡಿಸಿದ, ನನ್ನ ಕಡೆ ನೋಡಿದ. "ಸುತ್ತಿಟ್ಟಿದ್ದು ತಾನೇ ತಗೊಂಡು ಹೋಗೋದು?" ಎಂದ. ನಾನೂ ತಲೆಯಾಡಿಸಿದೆ. ನನಗೇನು ಗೊತ್ತು.

ಎಚ್ಚರವಾದ ಹತ್ತಿಯಣ್ಣ ಗೋಡೆಯ ಕಡೆ ನೋಡಿದವನೇ ತಲೆಯ ಮೇಲೆ ಕೈ ಹೊತ್ತು ಕುಳಿತ. ಹೊತ್ತು ಮುಳುಗಿತ್ತು. ಬೆಳಿಗ್ಗೆಯೇ ಹೋಗಿ ಬದಲಾಯಿಸಿ ಬರುತ್ತೇನೆ ಎಂದ. ಅವನ ಬೆಳಿಗ್ಗೆ ಯಾವಾಗ ಆಗುತ್ತದೆಂದು ಎಲ್ಲರಿಗೂ ಗೊತ್ತು. ಮರುದಿನ ಅವನು ಸಭಾಪಾಲಕರ ಮನೆ ಮುಟ್ಟುವಾಗ ಅವರು ಅಂಗಳದಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು, ಸೊಂಟಕ್ಕೆ ಕೈ ಕೊಟ್ಟು ಅತ್ತಿಂದಿತ್ತ ನಡೆಯುತ್ತಿದ್ದರು.

ಸಭಾಪಾಲಕರು ಒಳ್ಳೆಯ ಮನುಷ್ಯ. ಆದರೆ ಅವರ ಮುಂಜಾನೆ ಪ್ರಾರ್ಥನೆಗೆ ಜನ ತಿಂಡಿ ತಿಂದು, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದರು.

"ಬಾಪ್ಪಾ ಬಾ" ಎಂದರು. "ನಿನಗೇ ಮೊದಲು ಹೇಳ್ತೀನಿ. ಇವತ್ತು ಕತ್ತಲಿರುವಾಗಲೇ ಆತ್ಮನು ನನ್ನನ್ನ ಎಬ್ಬಿಸಿದ. ಮತ್ತೆ ಮಲಗೋಕೆ ಹೋದೆ, ಬಿಡಲಿಲ್ಲ. ಆ ಕಡೆ ತಿರುಗಿದೆ, ಚುಚ್ಚಿದ. ಈ ಕಡೆ ತಿರುಗಿದೆ, ಒತ್ತಿದ. ಕೊನೆಗೆ ಎದ್ದು ಮೊಣಕಾಲೂರಿದೆ ನೋಡು, ಆಗ ಸಮಾಧಾನ ಆಯ್ತು."

ಹತ್ತಿಯಣ್ಣ ಬಾಯಿ ತೆರೆದ. ಅವರು ಅವನ ಭುಜ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ಎಷ್ಟು ವರ್ಷದಿಂದ ಬೇಡಿಕೊಂಡಿದ್ದೆ ಗೊತ್ತಾ ಇದನ್ನ. ಇರ್ಲಿ, ನೀನು ಬಂದಿದ್ದು?"

"ಸುಮ್ನೆ ಅಯ್ಯನವರೇ. ಹಾಸಿಗೆ ಹೇಗಿದೆ ಅಂತ ಕೇಳೋಕೆ."

"ಹಾಸಿಗೆಗೇನು, ಹಾಸಿಗೆ ಚೆನ್ನಾಗಿದೆ" ಎಂದರು ಸಭಾಪಾಲಕರು, ಸೊಂಟ ತಿಕ್ಕಿಕೊಳ್ಳುತ್ತಾ.

ಭಾನುವಾರ ಪ್ರಸಂಗವೆಲ್ಲ ಮುಂಜಾನೆಯದೇ. ಸೂರ್ಯನಿಗಿಂತ ಮೊದಲು ಏಳದವನ ಭಕ್ತಿ ಹಳಸಿದ ಭಕ್ತಿ ಎಂದರು. ಪ್ರತಿಯೊಬ್ಬರೂ ಕತ್ತಲಲ್ಲೇ ಎದ್ದು ಒಂದು ಅಧ್ಯಾಯ ಓದಿ ಪ್ರಾರ್ಥಿಸಬೇಕು ಎಂದರು. ಸೊಂಟನೋವಿನ ಬಗ್ಗೆಯೂ ಒಂದು ಮಾತು ಬಂತು: ಇಂಥ ಒಳ್ಳೆಯ ಅಭ್ಯಾಸಕ್ಕೆ ಸೈತಾನ ಅಡ್ಡಗಾಲು ಹಾಕದೆ ಇರುತ್ತಾನೆಯೇ. ಯಾರು ಯಾರು ಏಳುತ್ತೀರಿ, ಕೈ ಎತ್ತಿ ಎಂದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಮನೆ ಮಾಲೀಕ. ಬೀದಿ ಗುಡಿಸುವ ಅಕ್ಕ ಕೈ ಎತ್ತಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹಾಲಿನವನಿಗೆ ಹೇಳುತ್ತಿದ್ದಳು:

"ನೀನೂ ನಾನೂ ಬೀದಿಗೆ ಬಂದಾಗ ಯಾರ ಮನೇಲಾದ್ರೂ ದೀಪ ನೋಡಿದ್ದೀಯೇನೋ?"

"ಹಾಸಿಗೆಯವರ ಮನೇಲಿ ಇತ್ತು. ಅತ್ತಿಗೆ ಓದೋರು."

"ಅವಳೊಬ್ಬಳೇ. ಈಗ ಅದೂ ಇಲ್ಲ. ಉಳಿದವರೆಲ್ಲ ಈಗ ಏಳ್ತಾರಂತೆ, ನಮಗೂ ಏಳಿ ಅಂತಾರೆ. ನಾನು ಇನ್ನೂ ಬೇಗ ಏಳ್ಬೇಕಂದ್ರೆ ನಿನ್ನೇನೇ ಎದ್ದಿರ್ಬೇಕು."

ಅತ್ತಿಗೆ ಗಂಡನ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಅಷ್ಟು ವರ್ಷ ಕತ್ತಲಲ್ಲಿ ಓದಿದವಳನ್ನು ಯಾರೂ ಕೈ ಎತ್ತು ಎಂದು ಕೇಳಿರಲಿಲ್ಲ. ಈಗ ಕೇಳಿದರು, ಎತ್ತಲು ಅವಳಿಗೆ ಕಾರಣ ಉಳಿದಿರಲಿಲ್ಲ. ಮನೆಗೆ ಹೋಗಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು.

ಹತ್ತಿಯಣ್ಣನಿಗೆ ಎರಡು ಕಡೆಯಿಂದ ಬಿಸಿ ತಟ್ಟಿತು. ಸಭಾಪಾಲಕರಿಗೆ ಹೇಳೋಣವೆಂದರೆ, ಪಾಪ, ಅವರ ಕಣ್ಣೀರು ಅಡ್ಡ ಬರುತ್ತದೆ. ಹೆಂಡತಿಗೆ ಓದೋಣವೆಂದರೆ ನಿದ್ದೆ ಅಡ್ಡ ಬರುತ್ತದೆ. ಮೊದಲು ಎರಡನೆಯದನ್ನು ನೋಡೋಣ ಎಂದು ಉಳಿದ ಬೀಜ, ಗಂಟುಗಳನ್ನೆಲ್ಲ ಸೇರಿಸಿ ಇನ್ನೊಂದು ಕೆಟ್ಟ ಹಾಸಿಗೆ ಹೊಲಿದ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ನಾನು ಕೂತು ನೋಡಿ ಹಾರಿ ಎದ್ದೆ. ಅದರ ಮೇಲೆ ಅವನು ಮಲಗಿದ. ಮಗುವಿನ ಹಾಗೆ ಮಲಗಿದ. ಬಿಸಿಲೇರಿದ ಮೇಲೆ ಎದ್ದವನ ಕೆನ್ನೆಯ ತುಂಬ ಹತ್ತಿಬೀಜದ ಗುರುತು. ಅತ್ತಿಗೆ ಬೆರಳಾಡಿಸಿ, "ಇದೇನ್ರೀ ಮುಖ, ಸಿಡುಬು ಎದ್ದಿದೆಯಾ?" ಎಂದು ಗಾಬರಿಯಾದಳು. ದೇವರ ಸೇವಕನನ್ನು ಎಬ್ಬಿಸಿದ ಹಾಸಿಗೆಯ ತಮ್ಮ ಹತ್ತಿಯಣ್ಣನ ಮುಂದೆ ಸೋತು ಮಲಗಿತ್ತು.

ಕೊನೆಗೆ ಅವನನ್ನು ಎಬ್ಬಿಸಿದ್ದು ಅವನ ಕಾಲಿನ ಹೆಬ್ಬೆರಳು. ಹಾಸಿಗೆಯ ಅಂಚು ಹೊಲಿಯುವ ಹುರಿಗೆ ಮೇಣ ತಿಕ್ಕಬೇಕಾದರೆ, ಅದರ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಿಗಿಯಾಗಿ ಎಳೆಯಬೇಕು. ಅವರ ಕಸುಬಿನವರೆಲ್ಲ ಮಾಡುವುದು ಹಾಗೆಯೇ. ಒಂದು ಮಧ್ಯಾಹ್ನ ಹಾಗೆ ಮಾಡುತ್ತಾ ಮಾಡುತ್ತಾ ಗೋಡೆಗೊರಗಿ ನಿದ್ದೆ ಹೋದ. ಗಿರಾಕಿಗಳು ಬಂದು ಕೂಗಿ ವಾಪಸು ಹೋದರು. ಅತ್ತಿಗೆ ತಡವಿಕೊಂಡು ಬರುವಾಗ ಆ ಹುರಿ ಕೈಗೆ ಸಿಕ್ಕಿತು. ಇದೇನು ಎಂದು ಸುಮ್ಮನೆ ಎಳೆದಳು.

ಹತ್ತಿಯಣ್ಣ ನೆಟ್ಟಗೆ ಎದ್ದು ಕೂತ. "ಹೊಲಿತಾ ಇದ್ದೀನಪ್ಪಾ" ಎಂದ. ಕೈ ಆಗಲೇ ಮೇಣದ ಉಂಡೆ ಹುಡುಕುತ್ತಿತ್ತು. ಹೇಳಿದ ಮಾತು ಮಾತ್ರ, ಕಸುಬು ಕಲಿಸುವಾಗ ಹೀಗೇ ಹುರಿ ಎಳೆಯುತ್ತಿದ್ದ ಸತ್ತ ಅಪ್ಪನಿಗೆ.

ಅತ್ತಿಗೆ ಹುರಿ ಹಿಡಿದು ಹಾಗೆಯೇ ನಿಂತಳು. "ಎದ್ರಾ?"

"ಎದ್ದೆ ಅನ್ಸುತ್ತೆ."

"ಮತ್ತೆ ಮಲಗಿ ನೋಡೋಣ."

ಅವನಿಗೆ ಅದು ಕಷ್ಟದ ಕೆಲಸವಲ್ಲ. ಆಕೆ ಮತ್ತೆ ಎಳೆದಳು. ಅವನು ಮತ್ತೆ ಎದ್ದ. ಇಬ್ಬರೂ ಎಳೆಯ ಮಕ್ಕಳ ಹಾಗೆ ಆ ಆಟ ಆಡುತ್ತಿದ್ದುದನ್ನು ನಾನು ಬೀಗವೊಂದನ್ನು ಕೈಯಲ್ಲಿ ಹಿಡಿದು ನೋಡುತ್ತಾ ನಿಂತೆ. ನೋಡದೆ ಇರಬೇಕಿತ್ತು, ಆದರೆ ನೋಡಿದೆ.

ಅಂದಿನಿಂದ ಹುರಿಯ ಒಂದು ತುದಿ ಅವನ ಹೆಬ್ಬೆರಳಿಗೆ, ಇನ್ನೊಂದು ಆಕೆಯ ಮಣಿಕಟ್ಟಿಗೆ. ಆಕೆಗೆ ಎಚ್ಚರ ಹೇಗೂ ಆಗುತ್ತದೆ. ಎಚ್ಚರವಾದೊಡನೆ ಎಳೆದರೆ ಆಯಿತು. ಸಹಾಯ ಮಾಡಲು ಹೊರಟವನನ್ನು ದಿನವೂ ಸಹಾಯ ಬೇಕಾದವಳೇ ಎಬ್ಬಿಸಬೇಕಾಗಿ ಬಂತು. ಅದರ ಬಗ್ಗೆ ಇಬ್ಬರಿಗೂ ಏನೂ ಬೇಸರವಿದ್ದಂತೆ ಕಾಣಲಿಲ್ಲ.

ಮೊದಲ ಬೆಳಗಿನ ಓದು ನಾನಿದ್ದಲ್ಲಿಗೇ ಕೇಳಿಸಿತು. ಆ ಹೊತ್ತಿಗೆ ನಾನೂ ಬಾಗಿಲಲ್ಲಿ ನಿಂತಿದ್ದೆನೆನ್ನಿ. ಅತ್ತಿಗೆ ಗುರುತಿಟ್ಟ ಜಾಗದಿಂದಲೇ ಓದಬೇಕು. ಅದೃಷ್ಟಕ್ಕೆ ಅಲ್ಲಿ ಬಂದದ್ದು ವಂಶಾವಳಿ, ಹೆಸರುಗಳ ಮೇಲೆ ಹೆಸರು. ಹತ್ತಿಯಣ್ಣನ ಓದು ಅಂಗಡಿ ಬೋರ್ಡುಗಳಷ್ಟರದು. ಒಂದೊಂದು ಹೆಸರನ್ನೂ ಕಲ್ಲು ಹೊರುವವನಂತೆ ಎತ್ತಿ, ಅರ್ಧ ದಾರಿಯಲ್ಲಿ ಇಳಿಸುತ್ತಿದ್ದ. ಇಳಿಸಿದ್ದನ್ನು ಅತ್ತಿಗೆ ಎತ್ತಿಕೊಂಡು ಮುಗಿಸುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವನ ಓದಿಗೆ ಇದ್ದಕ್ಕಿದ್ದಂತೆ ವೇಗ ಬಂತು.

"ನಿಲ್ಲಿ" ಎಂದಳು ಅತ್ತಿಗೆ. "ಮಧ್ಯೆ ಒಂದು ಮನೆತನವನ್ನೇ ನುಂಗಿದ್ರಿ."

"ಇಷ್ಟೊಂದು ಜನ ಇದ್ದಾರೆ ಕಣೇ. ನಾಲ್ಕು ಜನ ಹೋದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ. ವಾಪಸ್ ಹೋಗಿ ಕರ್ಕೊಂಡು ಬನ್ನಿ."

"ಎಲ್ಲಾ ನಿನಗೆ ಬಾಯಿಪಾಠ ಇದೆ. ಹಾಗಾದ್ರೆ ನಾನ್ಯಾಕೆ ಓದೋದು?"

"ಬಾಯಿಗೆ ಬಂದ್ರೆ ಆಯ್ತಾ? ಬೇರೆಯವರ ಬಾಯಿಂದ ಬಂದು ಕಿವಿಗೆ ಬೀಳ್ಬೇಕು. ಓದಿ."

ಓದು ಮುಗಿಯಿತು. ಪ್ರಾರ್ಥನೆ ನೀವೇ ಮಾಡಿ ಎಂದಳು. ಅವನಿಗೆ ಏನು ಹೇಳಬೇಕೆಂದೇ ತಿಳಿಯದು. ಮನಸ್ಸಿನಲ್ಲಿ ಇರುವುದನ್ನು ಹೇಳಿ ಎಂದಳು. ಆ ಮಾತು ಹೇಳಬಾರದಿತ್ತು.

"ದೇವರೇ, ಸ್ತೋತ್ರ. ಎದ್ದಿದ್ದೀನಿ. ನೋಡಿದೆಯಲ್ಲ. ಮತ್ತೆ, ಆ ಹಾಸಿಗೆ ವಿಷಯ. ಅಯ್ಯನವರ ಸೊಂಟ ದಿನಾ ನೋಡ್ತಿದ್ದೀನಿ, ಸಂಕಟ ಆಗುತ್ತೆ. ಎಬ್ಬಿಸಿದ್ದು ನೀನು ಅಂತ ಅವರು ಹೇಳ್ಕೊಂಡು ಓಡಾಡ್ತಿದ್ದಾರೆ. ನಾನು ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ."

"ಯಾವ ಹಾಸಿಗೆ?" ಅತ್ತಿಗೆಯ ದನಿ.

"ನಾನು ದೇವರ ಹತ್ರ ಮಾತಾಡ್ತಿದ್ದೀನಿ. ನೀನು ಮಧ್ಯೆ ಬರ್ಬೇಡ."

"ಯಾವ ಹಾಸಿಗೆ ರೀ?"

ಹೇಳಿದ. ಆಮೇಲೆ ಅತ್ತಿಗೆ ನಗುವುದು ಕೇಳಿಸಿತು, ಆಮೇಲೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು. "ನನಗೋಸ್ಕರ ಕೆಟ್ಟ ಹಾಸಿಗೆ ಹೊಲಿದ್ರಾ ನೀವು" ಎಂದಳು. ಮತ್ತೆ, "ಆಮೆನ್ ಅನ್ನಿ. ಅಂದು ಹಾಸಿಗೆ ಹೊತ್ಕೊಂಡು ನಡೀರಿ. ಇನ್ನೊಂದು ಸಲ ಅವರ ಬೆನ್ನು ಅದರ ಮೇಲೆ ಬೀಳ್ಬಾರ್ದು."

ಹತ್ತಿಯಣ್ಣ ಒಳ್ಳೆಯ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಮುಂಜಾನೆಯ ಬೀದಿಯಲ್ಲಿ ನಡೆದ. ಅವನನ್ನು ಆ ಹೊತ್ತಿನಲ್ಲಿ ಹಿಂದೆಂದೂ ಕಾಣದ ನಾಯಿಗಳು ಸಭಾಪಾಲಕರ ಅಂಗಳದವರೆಗೆ ಬೊಗಳುತ್ತಾ ಬಂದವು. ನಾನೂ ಜೊತೆಗೆ ಹೋದೆ. ಹಾಸಿಗೆ ಭಾರ, ಒಂದು ತುದಿಗೆ ಕೈ ಬೇಕಿತ್ತು. ಸಭಾಪಾಲಕರು ಎದ್ದೇ ಇದ್ದರು. ಪೂರ್ತಿ ಕೇಳಿದರು. ಕೋಣೆಗೆ ಹೋಗಿ ತಮ್ಮ ಹಾಸಿಗೆಯ ಹೊಲಿಗೆಯನ್ನು ಒಂದು ಕಡೆ ಬಿಚ್ಚಿ ಬೆರಳು ತೂರಿಸಿ, ಒಂದು ಹತ್ತಿಬೀಜ ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಹಾಗಾದ್ರೆ ಚುಚ್ಚಿದ್ದು?"

"ಅದೇ ಅಯ್ಯನವರೇ."

"ಒತ್ತಿದ್ದು?"

"ಅದು ಹುರಿ ಗಂಟು."

ಸಭಾಪಾಲಕರು ಕಿಟಕಿಯ ಕಡೆ ನೋಡಿದರು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮುಖ ಮಾತ್ರ, ಕಳೆದುಹೋದದ್ದನ್ನು ಹುಡುಕುವವನ ಹಾಗಾಯಿತು. "ಆದ್ರೂ ನಾನು ಎದ್ದಿದ್ದು ನಿಜ ಅಲ್ವಾ" ಎಂದರು, ನಮಗಲ್ಲ. ಯಾವ ಹಾಸಿಗೆ ಇಟ್ಟುಕೊಳ್ಳುತ್ತೀರಿ ಎಂದು ಹತ್ತಿಯಣ್ಣ ಮೆಲ್ಲಗೆ ಕೇಳಿದ. ಅವರು ಕೆಟ್ಟದ್ದನ್ನು ನೋಡಿದರು, ಒಳ್ಳೆಯದನ್ನು ಒತ್ತಿ ನೋಡಿದರು. ದೇಹವೂ ದೇವರ ಆಲಯವೇ, ಅದನ್ನೂ ಕಾಪಾಡಿಕೊಳ್ಳಬೇಕು ಎಂದರು. ಒಳ್ಳೆಯದೇ ಉಳಿಯಿತು.

ಅಲ್ಲಿಂದಾಚೆಗೆ ಸಭೆಯಲ್ಲಿ ಮುಂಜಾನೆಯ ಮಾತು ಕಡಿಮೆಯಾಗುತ್ತಾ ಬಂದು, ಕುಟುಂಬ ಪ್ರಾರ್ಥನೆಯ ಮಹತ್ವ ಏರಿತು. ಅದನ್ನು ಯಾವ ಹೊತ್ತಿನಲ್ಲಾದರೂ ಮಾಡಬಹುದು. ಮನೆ ಮಾಲೀಕ ಎತ್ತಿದ ಕೈಯನ್ನು ಯಾವಾಗ ಇಳಿಸಿದನೋ ಯಾರೂ ನೋಡಲಿಲ್ಲ. ನಮ್ಮ ಬೀದಿಯಲ್ಲಿ ಕತ್ತಲಿರುವಾಗ ಏಳುವವರು ಮತ್ತೆ ಹಾಲಿನವನು, ಬೀದಿ ಗುಡಿಸುವ ಅಕ್ಕ, ಮತ್ತು ಹಾಸಿಗೆಯವರ ಮನೆಯಲ್ಲಿ ಒಂದು ಹುರಿಯ ಎರಡು ತುದಿಗೆ ಕಟ್ಟಿಕೊಂಡ ಆ ಇಬ್ಬರು. ಅತ್ತಿಗೆ ತಲೆ ಬಾಚಿಕೊಂಡು ಬಾಗಿಲಿಗೆ ಬರತೊಡಗಿದಳು. ನನ್ನ ಕೆಮ್ಮಿನ ಸುದ್ದಿ ಮತ್ತೆ ಮೇಲಕ್ಕೆ ಹೋಗತೊಡಗಿತು. ಈ ಸಲ ಹತ್ತಿಯಣ್ಣನ ಬಾಯಿಂದ, ಅದೂ ತಪ್ಪು ತಪ್ಪಾಗಿ. ಒಂದು ದಿನ ನನ್ನನ್ನು ಕ್ಷಯದವರೆಗೆ ಒಯ್ದುಬಿಟ್ಟಿದ್ದ.

ಆದರೆ ಅವನು ಸೊರಗಿದ. ಬೆಳಿಗ್ಗೆ ಎದ್ದವನಿಗೆ ಹಗಲೆಲ್ಲ ನಿದ್ದೆ ಎಳೆಯುತ್ತಿತ್ತು. ದಬ್ಬಣ ಬೆರಳಿಗೆ ಹೋಯಿತು, ಒಂದು ಗಾದಿಯ ಅಂಚು ಸೊಟ್ಟ ಹೋಯಿತು, ಮೈ ಕೊಡಲು ಮಲಗಿದವನು ಗಿರಾಕಿ ಕಾದು ಹೋದರೂ ಏಳಲಿಲ್ಲ. ಇದನ್ನು ಸಭಾಪಾಲಕರೂ ಕಂಡರು. ಒಳ್ಳೆಯ ಮನುಷ್ಯ ಎಂದೆನಲ್ಲ. ಒಂದು ಸಂಜೆ ಕೈಯಲ್ಲೊಂದು ಸಣ್ಣ ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದರು. ಗುಂಡಿ ಒತ್ತಿದರೆ ಅದು ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಒತ್ತಿ ತೋರಿಸಿದರು. ಎಂಥ ಕಂಠ ಎನ್ನುತ್ತೀರಿ, ರೇಡಿಯೋದವರೂ ನಾಚಬೇಕು. ಹೆಸರುಗಳೆಲ್ಲ ನೀರು ಹರಿದಂತೆ ಹರಿದವು, ಒಂದು ಮನೆತನವೂ ತಪ್ಪಿಹೋಗಲಿಲ್ಲ.

"ಇದನ್ನ ಅಮ್ಮನ ತಲೆದಿಂಬಿನ ಹತ್ರ ಇಟ್ಬಿಡು" ಎಂದರು. "ಅವರಿಗೆ ಬೇಕಾದಾಗ ಅವರೇ ಒತ್ಕೋತಾರೆ. ನೀನು ನಿನ್ನ ಪಾಡಿಗೆ ಮಲಗು. ಇದು ನನ್ನ ಕಡೆಯಿಂದ. ಕಷ್ಟಪಟ್ಟಿದ್ದು ಸಾಕು."

ಹತ್ತಿಯಣ್ಣ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಕೋಣೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಮಣಿಕಟ್ಟಿನ ಹುರಿಯ ಗುರುತನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತಿದ್ದಳು. ಅವನು ಆ ಕಡೆ ನೋಡಿದ, ಪೆಟ್ಟಿಗೆಯನ್ನು ಅಂಗಿಯ ತುದಿಯಿಂದ ಒರೆಸಿ ಸಭಾಪಾಲಕರ ಕೈಗೆ ಕೊಟ್ಟ.

"ಬೇಡ ಅಯ್ಯನವರೇ. ನೀವು ಪ್ರೀತಿಯಿಂದ ತಂದಿದ್ದೀರಿ, ಗೊತ್ತು. ಅದು ಚೆನ್ನಾಗೇ ಓದುತ್ತೆ. ಆದ್ರೆ ಇವಳು ನಿಲ್ಲು ಅಂದ್ರೆ ಅದು ನಿಲ್ಲಲ್ಲ, ವಾಪಸ್ ಹೋಗು ಅಂದ್ರೆ ಹೋಗಲ್ಲ, ಬೈದ್ರೆ ಬೈಸ್ಕೊಳಲ್ಲ. ಬೆಳಿಗ್ಗೆ ಎದ್ದು ಇವಳು ಯಾರನ್ನ ಎಳೀಬೇಕು ಹೇಳಿ. ನಿದ್ದೆ ನಮ್ಮ ಮನೇಲಿ ತಲೆಮಾರಿಂದ ಬೇಕಾದಷ್ಟು ಆಗಿದೆ, ನನ್ನ ಪಾಲಿನದು ಸ್ವಲ್ಪ ಕಡಿಮೆಯಾದ್ರೆ ಯಾರ ಗಂಟೂ ಹೋಗಲ್ಲ. ನೀವು ತಗೊಂಡು ಹೋಗಿ. ನಮಗೆ ಇನ್ನೂ ಆ ಹೆಸರುಗಳೇ ಮುಗಿದಿಲ್ಲ."